ಹೆಸರು ಕಿತ್ತ ಹಾಡುಗಳು

ಉಪ್ಪಿನಕಾಯಿ ಬಾಟಲಿ ಖಾಲಿಯಾದರೆ ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಜನ್ಮ ಇದ್ದೇ ಇರುತ್ತದೆ. ನನ್ನ ಹೆಂಡತಿ ಶಾರದಾ ಅದನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿಟ್ಟು, ಮೇಲಿನ ಚೀಟಿ ನೆನೆದು ಸುಲಿದು ಬರುವ ತನಕ ಕಾದು, ತಿಕ್ಕಿ ತೊಳೆದು, ಒಣಗಿಸಿ, ಮೆಂತ್ಯವನ್ನೋ ಸಾಸಿವೆಯನ್ನೋ ತುಂಬಿಡುತ್ತಾಳೆ. ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನ ಈ ಮನೆಗೆ ಬಂದು ಮೂವತ್ತು ವರ್ಷವಾಯಿತು. ಅಂಗಡಿಯಲ್ಲಿ ಚೆಂದದ ಡಬ್ಬಿಗಳು ಸಿಗುತ್ತವೆ ಎಂದು ಮಗಳು ಹೇಳಿ ಹೇಳಿ ಈಗ ಹೇಳುವುದನ್ನೇ ಬಿಟ್ಟಿದ್ದಾಳೆ. ಮೊನ್ನೆ ಬೆಳಿಗ್ಗೆ ಕಾಫಿಗೆಂದು ಅಡುಗೆಮನೆಗೆ ಹೋದವನು ಸಿಂಕಿನ ಮುಂದೆ ಸುಮ್ಮನೆ ನಿಂತುಬಿಟ್ಟೆ. ನೆನೆದ ಕಾಗದ, ಕರಗಿದ ಅಂಟು, ಬೆಚ್ಚಗಿನ ನೀರು, ಈ ಮೂರೂ ಸೇರಿದರೆ ಒಂದು ವಾಸನೆ ಹುಟ್ಟುತ್ತದೆ. ನೀವೂ ಅದನ್ನು ಬಲ್ಲಿರಿ, ಆದರೆ ಅದರ ಮುಂದೆ ನಿಂತಿರಲಿಕ್ಕಿಲ್ಲ.

“ಏನ್ರೀ, ಸಿಂಕ್ ನೋಡ್ತಾ ನಿಂತ್ಬಿಟ್ರಿ. ಕಾಫಿ ಅಲ್ಲಿಲ್ಲ,” ಎಂದಳು ಶಾರದಾ.

ಕಾಫಿ ಅಲ್ಲಿಲ್ಲದ್ದು ನಿಜ. ಆದರೆ ನಾನೂ ಅಲ್ಲಿರಲಿಲ್ಲ. ಐವತ್ತು ವರ್ಷಕ್ಕೂ ಹಿಂದೆ, ಇದೇ ನ್ಯೂಜೆರ್ಸಿಯ ಹೋಬೋಕನ್ನಿನ ಮೂರನೇ ಮಹಡಿಯ ಒಂದು ಅಡುಗೆಮನೆಯಲ್ಲಿ, ಶನಿವಾರದ ಬೆಳಗಿನಲ್ಲಿ, ಬೋಗುಣಿಯ ಮುಂದೆ ಕೂತು ಹಾಡುಗಳ ಹೆಸರು ಕೀಳುತ್ತಿದ್ದೆ. ಹಾಗೆಂದರೇನು ಎನ್ನುತ್ತೀರಿ. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬಳಸಿ ಹೇಳಬೇಕು. ವಯಸ್ಸಾದವರಿಗೆ ನೇರ ರಸ್ತೆಯಲ್ಲಿ ಮಂಡಿ ನೋಯುತ್ತದೆ.

ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದ. ನಮ್ಮ ಮನೆತನದಲ್ಲಿ ನಾಲ್ಕನೇ ತರಗತಿ ದಾಟಿದವರು ನನಗಿಂತ ಮುಂಚೆ ಯಾರೂ ಇರಲಿಲ್ಲ. ನಾನು ಬಿ.ಇ. ಮಾಡಿದೆ, ಅದೂ ಫಸ್ಟ್ ಕ್ಲಾಸಿನಲ್ಲಿ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕ್ಷಮಿಸಿ. ನಾನು ಓದಿದ್ದು ಬುದ್ಧಿಯಿಂದಲ್ಲ, ಬಾಯಿಪಾಠದಿಂದ. ಲೈಬ್ರರಿಯ ಪುಸ್ತಕ ಎರಡು ದಿನಕ್ಕೆ ಮಾತ್ರ ಕೈಗೆ ಬರುತ್ತಿತ್ತು, ಬರೆದುಕೊಳ್ಳುವಷ್ಟು ಕಾಗದ ಇರುತ್ತಿರಲಿಲ್ಲ. ಹೀಗಾಗಿ ಪುಟಗಳನ್ನೇ ತಲೆಗೆ ಹಾಕಿಕೊಂಡು ಪುಸ್ತಕ ವಾಪಸು ಕೊಡುತ್ತಿದ್ದೆ. ಲಾಗರಿದಮ್ ಕೋಷ್ಟಕದ ಮೂರು ಪುಟ ಈಗಲೂ ಬರುತ್ತವೆ, ಬೇಕಾದರೆ ಕೇಳಿ. ತರಗತಿಯಲ್ಲಿ ಮೇಷ್ಟ್ರು ಪ್ರಶ್ನೆ ಮುಗಿಸುವುದರೊಳಗೆ ನನ್ನ ಕೈ ಮೇಲಿರುತ್ತಿತ್ತು. ಉತ್ತರ ಗೊತ್ತಿದೆ ಎನ್ನುವುದೊಂದೇ ಗಿರಣಿಯ ಗೇಟಿನಿಂದ ನನ್ನನ್ನು ಹೊರಗೆ ತಂದದ್ದು.

ಆಮೇಲೆ ಅಮೆರಿಕಕ್ಕೆ ಬಂದೆ, ನ್ಯೂಯಾರ್ಕಿನ ಕಾಲೇಜೊಂದರಲ್ಲಿ ಎಂ.ಎಸ್. ಕೂಡ ಆಯಿತು. ಎರಡನೇ ಡಿಗ್ರಿ ಕೈಗೆ ಬಂದಾಗ ಎಂಜಿನಿಯರುಗಳಿಗೆ ಕೆಲಸವೇ ಇಲ್ಲದ ಕಾಲ ಬಂತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಇಪ್ಪತ್ತು ವರ್ಷ ಅನುಭವ ಇದ್ದವರನ್ನೇ ಕಾರ್ಖಾನೆಗಳು ಮನೆಗೆ ಕಳಿಸುತ್ತಿದ್ದವು, ನನ್ನನ್ನು ಕೇಳುವವರು ಯಾರು? ಕೊನೆಗೆ ಸೀಕಾಕಸ್‌ನ ಒಂದು ಗೋದಾಮಿನಲ್ಲಿ ಸ್ಟಾಕ್ ಕ್ಲರ್ಕ್ ಆಗಿ ಸೇರಿದೆ. ಆಗ ಸೀಕಾಕಸ್ ಎಂದರೆ ಜೌಗು, ಲಾರಿಗಳು, ಗಾಳಿ ತಿರುಗಿದಾಗ ಹಂದಿ ಸಾಕಣೆಯ ಹಳೆಯ ನಾತ. ಅಪ್ಪನಿಗೆ ಮಾತ್ರ “ಕಂಪನಿಯೊಂದರಲ್ಲಿ ದಾಖಲೆ ವಿಭಾಗ” ಎಂದು ಬರೆದೆ. ಸುಳ್ಳಲ್ಲ.

ಅದು ಗ್ರಾಮಫೋನ್ ರೆಕಾರ್ಡುಗಳ ಗೋದಾಮು. ಹೊಸ ರೆಕಾರ್ಡುಗಳದ್ದಲ್ಲ, ಅಂಗಡಿಗಳಲ್ಲಿ ಯಾರೂ ಕೊಳ್ಳದೆ ವಾಪಸು ಬಂದವುಗಳದ್ದು. ದೊಡ್ಡ ಪ್ಲೇಟುಗಳ ರಟ್ಟಿನ ಕವಚದ ಮೂಲೆಯಲ್ಲಿ ತೂತು ಕೊರೆದು ಅಗ್ಗದ ಅಂಗಡಿಗೆ ಕಳಿಸುತ್ತಿದ್ದರು. ಒಂದೊಂದು ಬದಿಗೆ ಒಂದೊಂದೇ ಹಾಡಿರುವ ಚಿಕ್ಕ ಪ್ಲೇಟುಗಳಿಗೆ ಆ ಭಾಗ್ಯವೂ ಇರಲಿಲ್ಲ, ಅವು ನೇರ ಪುಡಿಮಾಡುವ ಯಂತ್ರಕ್ಕೆ. ಪುಡಿಯಾಗುವುದಕ್ಕೆ ಮುಂಚೆ ಪ್ರತಿಯೊಂದರ ಹಾಡು, ಹಾಡಿದವರು, ಕಂಪನಿ, ನಂಬರು ಇಷ್ಟನ್ನೂ ಒಂದು ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಎರಡು ಡಿಗ್ರಿಯ ಮನುಷ್ಯ ದಿನವಿಡೀ ಸಾಯಲಿರುವ ಹಾಡುಗಳ ಜಾತಕ ಬರೆಯುತ್ತಿದ್ದ.

ವಾಲ್ಟರ್ ಅಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಿದ್ದ. ಕಪ್ಪು ಅಮೆರಿಕನ್, ಜೆರ್ಸಿ ಸಿಟಿಯವನು, ಎತ್ತರದ ಆಳು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವ. ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಬೇಸರಿಸಬೇಡಿ, ನಮ್ಮೂರಲ್ಲಿ ಅಣ್ಣನಿಗೆ ಏಕವಚನವೇ. ಇನ್ನೊಂದು ಮಾತು. ಅವನು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಆದರೆ ಇಷ್ಟು ವರ್ಷ ನನ್ನ ತಲೆಯಲ್ಲಿ ಉಳಿದು ಉಳಿದು ಅದು ಕನ್ನಡವಾಗಿಬಿಟ್ಟಿದೆ, ಅದೂ ಗಿರಣಿ ಗೇಟಿನ ಕನ್ನಡ. ಈಗ ಅವನನ್ನು ಬೇರೆ ರೀತಿ ಮಾತಾಡಿಸಲು ನನ್ನಿಂದಾಗದು.

ಮೊದಲ ದಿನ ಅವನು ಗಾಡಿಯ ಮೇಲಿಂದಲೇ ಬಗ್ಗಿ ನನ್ನ ಕಾರ್ಡು ನೋಡಿದ.

“ಪುಡಿ ಆಗೋ ಮಾಲಿಗೆ ಯಾಕಪ ಇಷ್ಟು ದುಂಡಗೆ ಬರೀತೀಯ?”

“ಪುಡಿಯಾದರೂ ನಂಬರು ಸರಿ ಇರಬೇಕು,” ಎಂದೆ.

“ಕಾಲೇಜು ಓದಿದೋನು ಇರಬೇಕು ನೀನು.”

“ಎರಡು,” ಎಂದೆ.

ಅವತ್ತಿನಿಂದ ನನ್ನ ಹೆಸರು ಕಾಲೇಜು.

ಯಂತ್ರಕ್ಕೆ ಹೋಗುವ ಪೆಟ್ಟಿಗೆಗಳಿಂದ ಒಂದೆರಡು ಪ್ಲೇಟು ಮನೆಗೆ ಒಯ್ಯಲು ಮೇಸ್ತ್ರಿ ಬಿಡುತ್ತಿದ್ದ. ಬೇರೆಯವರು ಪ್ರಸಿದ್ಧ ಹಾಡುಗಳನ್ನು ಹುಡುಕುತ್ತಿದ್ದರು. ವಾಲ್ಟರ್ ಮಾತ್ರ ಯಾರೂ ಕೇಳಿರದ ಹೆಸರುಗಳನ್ನೇ ಆರಿಸುತ್ತಿದ್ದ. ಸೋಲ್ ಎನ್ನುವ ಸಂಗೀತ ಅದು. ಚರ್ಚಿನಲ್ಲಿ ದೇವರನ್ನು ಕೂಗಿ ಪಳಗಿದ ಕೊರಳು ಪ್ರೀತಿಯ ಮಾತಿಗೆ ಇಳಿದರೆ ಹೇಗಿರುತ್ತದೋ ಹಾಗೆ. ಎಲ್ಲೋ ಸಣ್ಣ ಊರಿನಲ್ಲಿ ಒಂದು ಹುಡುಗಿ ಹಾಡಿರುತ್ತಾಳೆ, ಕೆಲವೇ ನೂರು ಪ್ಲೇಟು ಒತ್ತಿಸಿರುತ್ತಾರೆ, ರೇಡಿಯೋದವರು ಮುಟ್ಟಿರುವುದಿಲ್ಲ, ಹುಡುಗಿ ಮದುವೆಯಾಗಿ ಸುಮ್ಮನಾಗಿರುತ್ತಾಳೆ. ಅಂಥದ್ದು ಸಿಕ್ಕಿದ ದಿನ ವಾಲ್ಟರ್ ಗಾಡಿಯನ್ನು ಬಹಳ ನಿಧಾನವಾಗಿ ಓಡಿಸುತ್ತಿದ್ದ, ಒಳಗೆ ಮಗು ಮಲಗಿದೆ ಎಂಬಂತೆ.

ಒಂದು ಶುಕ್ರವಾರ ಕೇಳಿದೆ, ಇವನ್ನೆಲ್ಲ ಏನು ಮಾಡುತ್ತೀ ಎಂದು.

“ಭಾನುವಾರ ಬಾ, ತೋರಿಸ್ತೀನಿ. ಬೂಟು ತಿಕ್ಕಿಸ್ಕೊಂಡು ಬಾ.”

ಹೋಬೋಕನ್ನಿನಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಮೈಸೂರಿನ ಗೆಳೆಯ ಇದನ್ನು ಕೇಳಿ ಓದುತ್ತಿದ್ದ ಪೇಪರು ಇಳಿಸಿದ. “ಡ್ಯಾನ್ಸಾ? ನೀನಾ? ಅದೂ ಅವರ ಏರಿಯಾಗಾ?” ಎಂದ. ಮೂರು ಪ್ರಶ್ನೆಯಲ್ಲಿ ಮೂರನೆಯದನ್ನು ತುಸು ಮೆಲ್ಲಗೆ ಕೇಳಿದ. ಆ ಮೂರನೆಯದು ನನ್ನೊಳಗೂ ಇತ್ತು, ಮರೆಮಾಚುವುದಿಲ್ಲ. ಆದರೂ ಬೂಟು ತಿಕ್ಕಿದೆ.

ಜೆರ್ಸಿ ಸಿಟಿಯಲ್ಲಿ ಒಂದು ಸಂಘದ ಕಟ್ಟಡ, ಮೇಲಿನ ಮಹಡಿಯಲ್ಲಿ ಉದ್ದನೆಯ ಹಾಲ್. ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ, ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ನೃತ್ಯ. ಚರ್ಚಿಗೆ ಹಾಕಿದ ಟೋಪಿಯನ್ನು ಸಾಲಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟು ಹೆಂಗಸರು ಕುಣಿಯುತ್ತಿದ್ದರು. ನೆಲಕ್ಕೆ ಪೌಡರು ಚೆಲ್ಲುತ್ತಿದ್ದರು, ಕೇರಂ ಬೋರ್ಡಿಗೆ ನಾವು ಉದುರಿಸುವ ಹಾಗೆ, ಕಾಯಿ ಜಾರುವ ಹಾಗೆ ಮನುಷ್ಯರು ಜಾರುತ್ತಿದ್ದರು. ಹಾಲನ್ನು ನಡೆಸುತ್ತಿದ್ದವಳು ಲೊರೇನ್, ವಾರವೆಲ್ಲ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಐವತ್ತರ ಹೆಂಗಸು. ನನ್ನ ನೆನಪಿನಲ್ಲಿ ಅವಳು ಥೇಟ್ ನನ್ನ ಸೋದರತ್ತೆಯಂತೆ ಮಾತಾಡುತ್ತಾಳೆ.

ನಾನು ಗೋಡೆಗೆ ಅಂಟಿ ನಿಂತಿದ್ದೆ. ಅವಳು ಬಂದು ಕೈ ಹಿಡಿದು ಎಳೆದಳು. ಹೆಜ್ಜೆ ತೋರಿಸಿದಳು. ಬಲಕ್ಕೆ ಎರಡು, ಎಡಕ್ಕೆ ಎರಡು, ತಿರುವು. ನಾನು ಅದನ್ನು ಕೂಡಲೇ ಬಾಯಿಪಾಠ ಮಾಡಿಕೊಂಡು ತುಟಿಯಲ್ಲಿ ಎಣಿಸುತ್ತ ಕುಣಿದೆ. ಎಣಿಕೆ ತಪ್ಪಲಿಲ್ಲ, ಆದರೆ ಹಾಡು ಎಲ್ಲೋ, ನಾನು ಎಲ್ಲೋ.

“ಅಯ್ಯೋ ಕೂಸೇ, ಮಗ್ಗಿ ಒಪ್ಪಿಸ್ತಾ ಇದೀಯ ನೀನು,” ಎಂದಳು ಲೊರೇನ್. “ಹಾಡು ಕೇಳು. ಕಾಲು ತಾನೇ ಹೋಗುತ್ತೆ.”

ಹಾಲಿನ ತುದಿಯ ಮೇಜಿನ ಹಿಂದೆ ವಾಲ್ಟರ್ ನಿಂತಿದ್ದ. ಎರಡು ಪ್ಲೇಯರು, ಒಂದು ಪೆಟ್ಟಿಗೆ. ಗೋದಾಮಿನಲ್ಲಿ ಭುಜ ಬಗ್ಗಿಸಿ ನಡೆಯುವವನು ಅಲ್ಲಿ ಪೂರ್ತಿ ನಿಲ್ಲುತ್ತಿದ್ದ. ಒಂದು ಪ್ಲೇಟು ಇಳಿಸಿ ಜನರ ಕಾಲು ನೋಡುತ್ತಿದ್ದ, ಮುಖವನ್ನಲ್ಲ. ಕಾಲು ನೋಡಿ ಮುಂದಿನದನ್ನು ಆರಿಸುತ್ತಿದ್ದ.

ಅಲ್ಲಿ ಒಬ್ಬನ ತೂಕ ಅವನ ಪೆಟ್ಟಿಗೆಯಲ್ಲಿರುತ್ತಿತ್ತು. ರೇಡಿಯೋದಲ್ಲಿ ಬರುವುದನ್ನು ಮನೆಯಲ್ಲೇ ಕೇಳಬಹುದಲ್ಲ? ಜನ ಬರುತ್ತಿದ್ದದ್ದು ಬೇರೆಲ್ಲೂ ಸಿಗದ ಹಾಡಿಗೆ. ಹಾಗಾಗಿ ಅದು ಯಾವ ಹಾಡು ಎನ್ನುವುದು ಗುಟ್ಟು. ಮೇಜಿನ ಹತ್ತಿರ ಬಂದು ಹೆಗಲ ಮೇಲಿಂದ ಇಣುಕುವವರು ಇದ್ದೇ ಇರುತ್ತಿದ್ದರು. ಪ್ಲೇಟಿನ ನಡುವಿನ ಲೇಬಲ್ಲಿನ ಮೇಲಿನ ಹೆಸರು ಓದಿಕೊಂಡರೆ ನೆವಾರ್ಕ್, ಹಾರ್ಲೆಂನ ಅಂಗಡಿಗಳನ್ನೆಲ್ಲ ಜಾಲಾಡಿ ಹೇಗಾದರೂ ಹಿಡಿದುಬಿಡುತ್ತಿದ್ದರು. ಅದಕ್ಕೇ ಲೇಬಲ್ಲನ್ನು ಕಿತ್ತುಹಾಕುವ ಪದ್ಧತಿ. ವಾಲ್ಟರ್ ಬ್ಲೇಡಿನಿಂದ ಕೆರೆದು ಎಷ್ಟೋ ಪ್ಲೇಟು ಗೀರಿಕೊಂಡಿದ್ದ. ನಾನು ಅಮ್ಮನನ್ನು ನೆನೆದೆ. ಔಷಧಿ ಸೀಸೆಗಳ ಚೀಟಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಸಿಪ್ಪೆಯಂತೆ ಸುಲಿದು, ಹರಳೆಣ್ಣೆ ತುಂಬಿಡುತ್ತಿದ್ದಳು. ಒದ್ದೆ ಬಟ್ಟೆ ಲೇಬಲ್ಲಿನ ಮೇಲಿಟ್ಟು ಹತ್ತು ನಿಮಿಷ ಬಿಟ್ಟೆ. ಅಂಚು ಸುರುಳಿಯಾಗಿ ಎದ್ದಿತು, ಒಂದೇ ಎಳೆತಕ್ಕೆ ಬಂತು.

“ನಿನ್ನ ಎರಡು ಡಿಗ್ರಿ ಸಾರ್ಥಕ ಆತು ನೋಡು,” ಎಂದ ವಾಲ್ಟರ್.

ಆ ಮೇಲೆ ಶನಿವಾರ ಬೆಳಿಗ್ಗೆ ಅವನು ಹೋಬೋಕನ್ನಿಗೆ ಬರುವುದು, ನಾನು ಸುಲಿಯುವುದು, ಪ್ಲೇಟಿನ ಕೊನೆಯ ಗೆರೆಯ ಹತ್ತಿರ ಸಣ್ಣಗೆ ಕೊರೆದಿರುವ ನಂಬರನ್ನು ಅವನು ಸೂಜಿಯಿಂದ ಗೀಚಿ ಅಳಿಸುವುದು. ಒಂದು ಪಟ್ಟಿ ಬರೆದಿಡೋಣ ಎಂದೆ.

“ಕಾಗದಕ್ಕೆ ಬಾಯಿ ಐತಿ,” ಎಂದ. “ಹಾಡು ನನ್ನ ಹತ್ರ ಇರ್ತಾವೆ. ಗೀರು ನೋಡಿ, ಭಾರ ನೋಡಿ ಗುರುತು ಹಿಡಿತೀನಿ. ಹೆಸರು ನಿನ್ನ ತಲೇಲಿ ಇಟ್ಕ. ನನಗೂ ಬ್ಯಾಡ ಅವು. ಗೊತ್ತಿದ್ರೆ ಎಲ್ಲಾದರೂ ಬಾಯಿ ಬಿಟ್ಟೇನು.”

ನೋಡಿ, ನಂಬಿಕೆ ಎಂದರೆ ಅದು. ನನಗೆ ಹಿಗ್ಗೋ ಹಿಗ್ಗು. ಒಂದೊಂದು ಲೇಬಲ್ಲನ್ನೂ ಕೀಳುವ ಮುಂಚೆ ಎರಡು ಸಲ ಓದಿ ತಲೆಗೆ ಹಾಕಿಕೊಂಡೆ. ಹಾಡು, ಹಾಡಿದವರು, ಕಂಪನಿ, ಊರು, ನಂಬರು. ನೂರಕ್ಕೂ ಮೇಲೆ ಆದವು. ಒಂದೂ ಮರೆಯಲಿಲ್ಲ.

ಭಾನುವಾರ ಪೂರ್ತಿ ವಾಲ್ಟರನದಾಗಿರಲಿಲ್ಲ. ಮೊದಲರ್ಧ ಅವನದು, ಉಳಿದರ್ಧ ಬ್ರೂಕ್ಲಿನ್ನಿನಿಂದ ಬರುತ್ತಿದ್ದ ಯುಜೀನನದು. ಯುಜೀನ್ ತೆಳ್ಳಗಿನ ಯುವಕ, ಟೈ ಕಟ್ಟುತ್ತಿದ್ದ, ಬಾಗಿಲು ಹಿಡಿದು ಬೇರೆಯವರನ್ನು ಮುಂದೆ ಬಿಡುತ್ತಿದ್ದ. ನನ್ನ ನೆನಪಿನಲ್ಲಿ ಅವನೊಬ್ಬನೇ ಬಹುವಚನದಲ್ಲಿ ಮಾತಾಡುವುದು. ಬೇಸಿಗೆಯ ಹೊತ್ತಿಗೆ ಲೊರೇನ್ ಇಬ್ಬರನ್ನೂ ಕರೆದು ಹೇಳಿದಳು. ಸೆಪ್ಟೆಂಬರಿನಿಂದ ಇಬ್ಬರಿಗೆ ಜಾಗವಿಲ್ಲ, ಯಾರು ಹಾಕಿದರೆ ಜನ ಹೋಗದೆ ನಿಲ್ಲುತ್ತಾರೋ ಅವರದೇ ಭಾನುವಾರ.

ವಾಲ್ಟರನ ಹತ್ತಿರ ಒಂದು ಹಾಡಿತ್ತು. ಅದರ ಲೇಬಲ್ ಸುಲಿಯುವಾಗ “ಇದೇ ಅದು” ಎಂದು ಅವನೇ ನನಗೆ ತೋರಿಸಿದ್ದ. ಅವನು ಅದನ್ನು ತನ್ನ ಸರದಿಯ ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಮನೆಗೆ ಹೊರಟು ಮೆಟ್ಟಿಲಿಳಿಯುತ್ತಿದ್ದವರು ಅದರ ಮೊದಲ ತಾಳ ಕೇಳಿ ಟೋಪಿ ಕೈಯಲ್ಲಿ ಹಿಡಿದು ವಾಪಸು ಹತ್ತಿ ಬರುತ್ತಿದ್ದರು. ನಾನೇ ನೋಡಿದ್ದೇನೆ. ಆ ಒಂದು ಹಾಡು ಅವನ ಪೆಟ್ಟಿಗೆಯಲ್ಲಿ ಮಾತ್ರ ಇರುವವರೆಗೆ ಭಾನುವಾರ ಅವನದೇ ಎಂದು ಹಾಲಿಗೆಲ್ಲ ಗೊತ್ತಿತ್ತು, ಯುಜೀನನಿಗೂ.

“ಇಪ್ಪತ್ತು ವರ್ಷದಿಂದ ಲಾರಿ ತುಂಬಿಸ್ತಾ ಇದೀನಿ,” ಎಂದಿದ್ದ ವಾಲ್ಟರ್ ಒಂದು ಶನಿವಾರ, ಸೂಜಿ ಕೈಯಲ್ಲಿ ಹಿಡಿದು. “ಯಾರೂ ಒಂದಿನ ತಿರುಗಿ ನೋಡಿಲ್ಲ. ಭಾನುವಾರ ಎರಡು ತಾಸು ನೋಡ್ತಾರೆ. ಅದು ಇರಲಿ ನನಗೆ, ಸಾಕು.”

ಇದನ್ನು ಕೇಳಿದವನು ನಾನು. ಮುಂದಿನದನ್ನು ಮಾಡಿದವನೂ ನಾನೇ.

ಜುಲೈನ ಒಂದು ಭಾನುವಾರ. ಸೆಖೆಗೆ ಹಾಲಿನಿಂದ ಹೊರಬಂದು ಮೆಟ್ಟಿಲ ಮೇಲೆ ತಣ್ಣನೆಯ ಸೋಡಾ ಹಿಡಿದು ಕೂತಿದ್ದೆ. ಯುಜೀನ್ ಬಂದು ಪಕ್ಕದಲ್ಲಿ, ಪ್ಯಾಂಟಿನ ಮಡಿಕೆ ಹಾಳಾಗದಂತೆ ಕೂತ.

“ನೀವು ಎಂಜಿನಿಯರಂತೆ, ನಿಜವೇ?”

“ಹೌದು. ಎಂ.ಎಸ್.”

“ಇಲ್ಲಿ ನಿಮ್ಮಷ್ಟು ಓದಿದವರು ಯಾರೂ ಇಲ್ಲ ಬಿಡಿ.” ಒಳಗಿನಿಂದ ಬರುತ್ತಿದ್ದ ಆ ಹಾಡಿನತ್ತ ತಲೆಯಾಡಿಸಿದ. “ನಿಮ್ಮ ಸ್ನೇಹಿತರು ಒಳ್ಳೆಯದನ್ನೇ ಹಿಡಿದಿದ್ದಾರೆ. ಡೆಟ್ರಾಯ್ಟಿನದು. ನನಗೆ ಮೊದಲಿಂದ ಗೊತ್ತು.”

ಅವನು ನನ್ನನ್ನು ಏನೂ ಕೇಳಿರಲಿಲ್ಲ, ಗಮನಿಸಿ. ತಪ್ಪು ಉತ್ತರವೊಂದನ್ನು ನನ್ನ ಮುಂದೆ ಇಟ್ಟು ಸುಮ್ಮನೆ ಕೂತ. ತಪ್ಪು ಉತ್ತರ ಕಣ್ಣೆದುರು ಬಿದ್ದಿರುವಾಗ ಅದನ್ನು ದಾಟಿ ಹೋಗುವ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ.

“ಡೆಟ್ರಾಯ್ಟ್ ಅಲ್ಲ,” ಎಂದೆ, “ವರ್ಜೀನಿಯಾದ ನಾರ್ಫೋಕ್.” ಅಲ್ಲಿಗೆ ನಿಲ್ಲಿಸಬಹುದಿತ್ತು. ಬಾಯಿಪಾಠದ ಗುಣವೇ ಅದು, ಮೊದಲ ಪದ ಬಂತೆಂದರೆ ಪುಟ ಪೂರ್ತಿ ಬರುತ್ತದೆ. ಹಾಡು ಬಂತು, ಹಾಡಿದವಳು ಬಂದಳು, ಕಂಪನಿ ಬಂತು. ನಂಬರನ್ನೂ ಹೇಳಿದೆ. ಹಿಂಬದಿಯಲ್ಲಿರುವ ಹಾಡನ್ನೂ ಹೇಳಿದೆ. ತರಗತಿಯ ಹಾಗೆ ಕೈಯೊಂದನ್ನು ಮೇಲೆತ್ತಿರಲಿಲ್ಲ, ಅಷ್ಟೇ.

“ಓ, ಹಾಗೋ,” ಎಂದ ಯುಜೀನ್. “ತಿದ್ದಿದ್ದಕ್ಕೆ ಉಪಕಾರವಾಯಿತು.” ಎದ್ದು ಹೋದ. ಸೋಡಾ ಮುಗಿಯುವ ಹೊತ್ತಿಗೆ ಏನು ಮಾಡಿದೆನೆಂದು ಹೊಳೆಯಿತು. ಅವನು ಮರೆತುಬಿಡುತ್ತಾನೆ, ನಂಬರು ಎಲ್ಲರಿಗೂ ನೆನಪಿರುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ವಾಲ್ಟರನಿಗೆ ಹೇಳಲಿಲ್ಲ.

ಮೂರು ವಾರದ ನಂತರ ಯುಜೀನ್ ತನಗೆ ಬೇಗ ಹೋಗಬೇಕಿದೆಯೆಂದು ಮೊದಲ ಸರದಿ ಕೇಳಿ ಪಡೆದ. ಮೂರನೆಯ ಹಾಡಾಗಿ ಅದನ್ನು ಹಾಕಿದ. ಜನ ಕೂಗಿಕೊಂಡು ನಡುವಿಗೆ ಬಂದರು. ಅದು ಯಾರ ಪೆಟ್ಟಿಗೆಯದು ಎಂದು ಅವರಿಗೇನು? ಅವರು ಎಂದಿನಷ್ಟೇ ಚೆನ್ನಾಗಿ ಕುಣಿದರು. ವಾಲ್ಟರ್ ಗೋಡೆಯ ಪಕ್ಕ ನಿಂತಿದ್ದ. ತನ್ನ ಪೆಟ್ಟಿಗೆಯ ಮುಚ್ಚಳವನ್ನು ನಿಧಾನವಾಗಿ ಹಾಕಿ, ಕೊಂಡಿಯನ್ನು ಒಂದಾದ ಮೇಲೊಂದು ಸಿಕ್ಕಿಸಿದ. ತನ್ನ ಸರದಿಯಲ್ಲಿ ಬೇರೆ ಹಾಡುಗಳನ್ನು ಹಾಕಿದ, ಅದನ್ನು ಹಾಕಲಿಲ್ಲ. ಮೆಟ್ಟಿಲಿಳಿದವರು ಇಳಿದೇ ಹೋದರು.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಗೋದಾಮಿನ ಲಾರಿಕಟ್ಟೆಯ ಮೇಲೆ ಅವನ ಪಕ್ಕ ಕೂತೆ. ನನ್ನ ಡಬ್ಬಿ ಬಿಚ್ಚಲಿಲ್ಲ.

“ಯುಜೀನನಿಗೆ ಹೇಳಿದ್ದು ನಾನೇ,” ಎಂದೆ.

“ಗೊತ್ತು.”

“ಹೇಗೆ?”

“ನಿನ್ನೆ ಅವನೇ ನನಗೆ ನಂಬರ್ ಸಮೇತ ಹೇಳಿದ. ಈ ನ್ಯೂಜೆರ್ಸಿಲಿ ನಂಬರ್ ಹೇಳೋನು ನೀನೊಬ್ಬನೇ.” ಸ್ಯಾಂಡ್‌ವಿಚ್ಚನ್ನು ಅರ್ಧಕ್ಕೆ ಮಡಿಸಿ ಕಾಗದದಲ್ಲಿ ಸುತ್ತಿದ. “ಏನು ಕೊಟ್ಟ ನಿನಗೆ?”

“ಏನೂ ಕೊಡಲಿಲ್ಲ. ಡೆಟ್ರಾಯ್ಟ್ ಅಂದ. ತಪ್ಪಾಗಿತ್ತು.”

ವಾಲ್ಟರ್ ಆ ಪೊಟ್ಟಣವನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

“ನಿನ್ನ ಯಾರಾದ್ರೂ ಕೇಳ್ಬೇಕು,” ಎಂದ. “ಎಲ್ಲಿಂದಲೋ ಬಂದು, ಎರಡು ಕಾಲೇಜು ಮುಗಿಸಿ, ಇಲ್ಲಿ ಕಾರ್ಡ್ ಬರೀತಾ ಕುಂತೀಯ. ಒಬ್ಬರೂ ಏನೂ ಕೇಳಲ್ಲ. ಅದೇ ನಿನ್ನ ಬ್ಯಾನೆ. ನನಗೆ ಅರ್ಥ ಆಗ್ತತಿ ಕಾಲೇಜು. ಆದರೆ ಭಾನುವಾರ ನಂದಾಗಿತ್ತು.”

ಸೆಪ್ಟೆಂಬರಿನಲ್ಲಿ ಲೊರೇನ್ ಹಾಲನ್ನು ಯುಜೀನನಿಗೆ ಕೊಟ್ಟಳು. ವಾಲ್ಟರ್ ಬರುವುದನ್ನು ಬಿಡಲಿಲ್ಲ. ಪೆಟ್ಟಿಗೆಯಿಲ್ಲದೆ ಬಂದ, ಹಾಲಿನ ನಡುವೆ ನಿಂತ, ಕುಣಿದ. ಅವನು ಕುಣಿಯಬಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಎತ್ತರದ ದೇಹ ಪೌಡರಿನ ನೆಲದ ಮೇಲೆ ಎಣ್ಣೆ ಸುರಿದ ಹಾಗೆ ಹರಿಯಿತು. ಜನ ಬದಿಗೆ ಸರಿದು ಜಾಗ ಬಿಟ್ಟರು. ಎಷ್ಟೋ ವರ್ಷ ನಾನು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಹೇಳುತ್ತಿದ್ದೆ. ಕನ್ನಡ ಕೂಟದ ಪಿಕ್ನಿಕ್ಕಿನಲ್ಲೂ ಒಮ್ಮೆ ಹೇಳಿದೆ. ನನ್ನ ತಪ್ಪಿನಿಂದ ಅವನಿಗೆ ಒಳ್ಳೆಯದೇ ಆಯಿತು, ಮೇಜಿನ ಹಿಂದಿನಿಂದ ಹೊರಗೆ ಬಂದ, ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ನಾನು ಹೇಳದೆ ಬಿಟ್ಟ ಮಾತೊಂದಿತ್ತು. ಅವತ್ತು ವಾಲ್ಟರನಿಗೂ ಇದನ್ನೇ ಹೇಳಿದ್ದೆ, ಎಷ್ಟು ಚೆನ್ನಾಗಿ ಕುಣಿಯುತ್ತೀಯ ಎಂದು.

“ಕುಣಿಯೋಕೆ ಯಾರು ಬೇಕಾದ್ರೂ ಕುಣೀತಾರೆ,” ಎಂದಿದ್ದ ಬೆವರು ಒರೆಸಿಕೊಳ್ಳುತ್ತ. “ನಾನು ಕುಣಿಸ್ತಿದ್ದೆ.”

ಮರುವರ್ಷ ನನಗೆ ಕೆಲಸ ಸಿಕ್ಕಿತು, ನಿಜವಾದ ಎಂಜಿನಿಯರ್ ಕೆಲಸ, ಹೋಬೋಕನ್ ಬಿಟ್ಟು ದಕ್ಷಿಣ ಜೆರ್ಸಿಯ ಕಡೆಗೆ. ಹೊರಡುವ ಹಿಂದಿನ ಶನಿವಾರ ವಾಲ್ಟರ್ ಬಂದ. ಎರಡು ಪೆಟ್ಟಿಗೆ, ಒಂದು ಪ್ಲೇಯರ್, ಜೊತೆಗೆ ಬಿಳಿ ಕಾಗದದ ದುಂಡನೆಯ ಚೀಟಿಗಳ ಕಟ್ಟು ಒಂದು.

“ಇನ್ನು ಯಾರಿಂದ ಮುಚ್ಚಿಡೋದೈತಿ,” ಎಂದ. “ಹೆಸರು ವಾಪಸ್ ಹಾಕೋಣ. ಪಾಪ, ಹಾಡಿದೋರು ಯಾರು ಅಂತನಾದ್ರೂ ಇರಲಿ. ನೀನು ಹೇಳು, ನಾನು ಬರೀತೀನಿ.”

ನನಗೆ ಎಂಥ ಸಂತೋಷವಾಯಿತೆಂದರೆ, ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕೊನೆಗೂ ನನ್ನನ್ನು ಕೇಳುತ್ತಿದ್ದಾರೆ, ಕೇಳಬೇಕಾದವನೇ ಕೇಳುತ್ತಿದ್ದಾನೆ. ಅವನು ಮೊದಲ ಪ್ಲೇಟನ್ನು ಇಟ್ಟ, ಸೂಜಿ ಇಳಿಸಿದ. ತುತ್ತೂರಿಗಳು, ಡ್ರಮ್ಮು, ಒಬ್ಬ ಗಂಡಸಿನ ದನಿ. ವಾಲ್ಟರ್ ಪೆನ್ನು ಹಿಡಿದು ನನ್ನತ್ತ ನೋಡಿದ.

ನನಗೆ ಗೊತ್ತಿರಲಿಲ್ಲ.

ನೂರು ಹೆಸರೂ ತಲೆಯಲ್ಲಿದ್ದವು, ಕ್ರಮ ತಪ್ಪದೆ, ನಂಬರಿನ ಸಮೇತ. ಅವನೇ ತೋರಿಸಿದ್ದ ಆ ಒಂದನ್ನು ಬಿಟ್ಟರೆ, ಯಾವ ಹೆಸರು ಯಾವ ಹಾಡಿನದು ಎನ್ನುವುದು ಇರಲಿಲ್ಲ. ಒಂದು ವರ್ಷ ಪ್ರತಿ ಭಾನುವಾರ ಆ ಹಾಲಿನಲ್ಲಿದ್ದೆ, ತುಟಿಯಲ್ಲಿ ಹೆಜ್ಜೆ ಎಣಿಸುತ್ತಿದ್ದೆ. ಒಂದು ಹಾಡನ್ನೂ ಕೇಳಿಸಿಕೊಂಡಿರಲಿಲ್ಲ. ಹೆಸರು ಹಾಡಿನ ಸಾಲಿನಲ್ಲೇ ಬರುವಂಥವು ಕೆಲವು ಸಿಕ್ಕವು, ಅವನ್ನು ಬರೆದ. ಉಳಿದವುಗಳ ಹೆಸರು ನನ್ನ ಹತ್ತಿರ, ಹಾಡು ಅವನ ಹತ್ತಿರ. ಎರಡನ್ನೂ ಕೂಡಿಸುವ ಕೊಂಡಿಯನ್ನು ನಾವಿಬ್ಬರೂ ಸೇರಿ ಆ ಬೋಗುಣಿಯಲ್ಲಿ ತೊಳೆದುಬಿಟ್ಟಿದ್ದೆವು. ಎಲ್ಲೋ ಒಂದೂರಿನಲ್ಲಿ ಒಬ್ಬಳು ಜೀವಮಾನದಲ್ಲಿ ಹಾಡಿದ ಒಂದೇ ಹಾಡು, ಅವಳಿಗೆ ಸೇರದೇ ಉಳಿಯಿತು. ನಾನು ಅಂದಾಜಿನಲ್ಲಿ ಒಂದೆರಡು ಹೆಸರು ಹೇಳಲು ಬಾಯಿ ತೆರೆದೆ.

“ಬ್ಯಾಡ,” ಎಂದ ವಾಲ್ಟರ್. ಪೆನ್ನಿನ ಮುಚ್ಚಳ ಹಾಕಿದ. ಮೊದಲು ತುಟಿ ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಮನುಷ್ಯ ನಗತೊಡಗಿದ. “ಕಾಗದದ ಮ್ಯಾಲಿರೋದು ಅಷ್ಟೂ ಗೊತ್ತು ನಿನಗೆ. ಪ್ಲೇಟಿನ ಮ್ಯಾಲಿರೋದು ಒಂದೂ ಗೊತ್ತಿಲ್ಲ. ಬಾಯಿ ಮುಚ್ಚು, ಕುಂತ್ಕ. ಕೇಳು.”

ಕೇಳಿದೆವು. ಒಂದಾದ ಮೇಲೊಂದು, ಎರಡೂ ಪೆಟ್ಟಿಗೆ. ಅನ್ನ ಸಾರು ಮಾಡಿದೆ, ಉಣ್ಣುತ್ತ ಕೇಳಿದೆವು. ಒಬ್ಬಳು ಒಂದು ಮಾತಿನ ಕೊನೆಯಲ್ಲಿ ಉಸಿರು ಸಾಲದೆ ತಡವರಿಸಿದ್ದು, ಇನ್ನೊಬ್ಬನ ಹಿಂದೆ ಯಾರೋ ಕೆಮ್ಮಿದ್ದು, ಎಲ್ಲ ಅವತ್ತು ಮೊದಲ ಸಲ ಕಿವಿಗೆ ಬಿತ್ತು. ನಾನು ಒಂದು ಹೆಸರನ್ನೂ ಹೇಳಲಿಲ್ಲ. ಸಂಜೆ ಅವನು ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದ. ಕೆಲವು ವರ್ಷ ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತಿತ್ತು, “ಕಾಲೇಜಿಗೆ” ಎಂದು ಬರೆದು. ಆಮೇಲೆ ನಿಂತಿತು. ನಾನೂ ಹುಡುಕಿಕೊಂಡು ಹೋಗಲಿಲ್ಲ. ಕೆಲಸ, ಮದುವೆ, ಮನೆ, ನಿಮಗೂ ಗೊತ್ತಿರುವ ಕಾರಣಗಳೇ.

ಆ ಪಾಠ ಕಲಿತೆನೆಂದು ನೀವು ತಿಳಿದರೆ ನನ್ನ ಮಗಳು ನಗುತ್ತಾಳೆ. ಈ ಮನೆಯಲ್ಲಿ ಯಾರು ಯಾವ ಹಾಡು ಗುನುಗಿದರೂ, ಯಾವ ಚಿತ್ರ, ಯಾರ ಸಂಗೀತ, ಯಾವ ವರ್ಷ ಎಂದು ಹೇಳಿ ಮುಗಿಸುವವನು ನಾನು. ಅವಳು ಸಣ್ಣವಳಿದ್ದಾಗಿನಿಂದ ಹೇಳುವ ಮಾತು ಒಂದೇ, “ಡ್ಯಾಡ್, ನೋಬಡಿ ಆಸ್ಕ್ಡ್.” ಅವಳು ಹಾಗೆನ್ನುತ್ತಾಳೆ, ಶಾರದಾ ನಗುತ್ತಾಳೆ, ಹಾಡು ಅಲ್ಲಿಗೆ ನಿಲ್ಲುತ್ತದೆ.

ಮೊನ್ನೆ ನಾನು ಸಿಂಕಿನಿಂದ ಸರಿದು ಮೇಜಿನ ಹತ್ತಿರ ಕೂತೆ. ಶಾರದಾ ನನ್ನ ಮುಂದೆ ಕಾಫಿ ಇಟ್ಟು, ಕಿಟಕಿಯ ಕಡೆ ತಿರುಗಿ, ತನ್ನಷ್ಟಕ್ಕೆ ಒಂದು ಹಳೆಯ ಚಿತ್ರಗೀತೆ ಶುರು ಮಾಡಿದಳು. ಪಲ್ಲವಿಯ ಅರ್ಧಕ್ಕೇ ಚಿತ್ರದ ಹೆಸರು ನನ್ನ ನಾಲಿಗೆಯ ತುದಿಗೆ ಬಂತು, ವರ್ಷವೂ ಬಂತು. ಕಾಫಿ ಕುಡಿದೆ. ಬಿಸಿಯಿತ್ತು, ಇನ್ನೊಂದು ಗುಟುಕು ಕುಡಿದೆ. ಅವಳು ಒಮ್ಮೆ ತಿರುಗಿ ನೋಡಿದಳು, ನಾನು ಏನಾದರೂ ಹೇಳುತ್ತೇನೆಂದು ಕಾದಂತೆ. ಹೇಳಲಿಲ್ಲ. ಅವಳು ಮತ್ತೆ ತಿರುಗಿ ಮುಂದುವರಿಸಿದಳು. ಮೊದಲ ಚರಣ ಮುಗಿಯಿತು. ಆಮೇಲೆ ದನಿ ಸ್ವಲ್ಪ ಇಳಿಯಿತು, ಎರಡನೆಯ ಚರಣ ಬಂತು, ಎಲ್ಲೋ ಒಂದು ಕಡೆ ಉಸಿರು ಹಿಡಿದು ಮೇಲಕ್ಕೆ ಹೋಗುವ ಜಾಗವಿತ್ತು ಅದರಲ್ಲಿ, ಹೋದಳು. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳು ಅಲ್ಲಿಯವರೆಗೆ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.